ಬೆಲ್ಲ ತಿಂದ ಫೋನೋಗ್ರಾಫು

ಪುಷ್ಯ ಮಾಸದ ಚಳಿ. ಬೆಳಿಗ್ಗೆ ಏಳೂಕಾಲು.

ಸಾಗರದ ನನ್ನ ರಿಪೇರಿ ಅಂಗಡಿ. ನನ್ನ ಎರಡು ಹೆಬ್ಬೆರಳ ಕೆಳಗೆ ಹಳೇ ಹಾಡೋ ಮೆಷಿನ್ನಿನ ಹತ್ತಡಿ ಉಕ್ಕಿನ ಸ್ಪ್ರಿಂಗು, ಸುರುಳಿ ಸುತ್ತಿಕೊಂಡು ನಡುಗ್ತಾ ಇತ್ತು.

ಎದುರಿಗೆ ಹೇರಂಬ. ತೀರ್ಥಹಳ್ಳಿಯ ಹಳೇ ಸಾಮಾನಿನ ವ್ಯಾಪಾರಿ. ಬಿಳಿ ಶರ್ಟು. ಕೈಯಲ್ಲಿ ಜಾಕ್ ರಾಡು!

"ಜಟ್ಟಪ್ಪ, ಆ ಮೆಷಿನ್ ಕೊಡು. ಇಲ್ಲಾಂದ್ರೆ ಕೈ ಮುರೀತೀನಿ."

"ಮುರಿ. ಕೈ ಬಿಟ್ರೆ ಇದು ಹಾರತ್ತೆ. ಮೊದ್ಲು ಸಿಗೋದು ನಿನ್ನ ಮೂಗು."

"ಹೆದರಿಸ್ತೀಯಾ?"

ಬಿಟ್ಟೆ!

ಟಣಾರ್...! ಸ್ಪ್ರಿಂಗು ಹಾರಿ ಹೆಂಚಿಗೆ ಬಡೀತು. ಎಪ್ಪತ್ತು ವರ್ಷದ ಕರೀ ಗ್ರೀಸು ಅವನ ಶರ್ಟಿನ ಮೇಲೆ ನಕ್ಷೆ ಬರೀತು. ರಾಡು ಬಿಸಾಕಿ ಓಡಿದ. ಜೀಪು ಹತ್ತಿ ಕೂಗಿದ:

"ಅದರ ತಲೆ ನನ್ನ ಹತ್ರ ಇದೆ! ತಲೆ ಇಲ್ದೆ ಹಾಡಿಸು, ನೋಡಾಣ!"

ಸ್ಟೂಲಿನ ಮೇಲೆ ದುಗ್ಗಕ್ಕ ಬಿದ್ದು ಬಿದ್ದು ನಗ್ತಿದ್ಲು. ಎಂಬತ್ನಾಲ್ಕು ವರ್ಷ. ಹೊಸನಗರದ ಕಡೆಯೋಳು. ಹಿಂದಿನ ದಿನ ಗೋಣಿಚೀಲದಲ್ಲಿ ಮೆಷಿನ್ ತಂದವಳು.

ಊರೆಲ್ಲ ಅದನ್ನ ಗ್ರಾಮಫೋನ್ ಅಂದಿತ್ತಂತೆ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಕೈಗೆ ಗೊತ್ತಾಗತ್ತೆ. ತಟ್ಟೆ ತಿರುಗೋ ಜಾಗವೇ ಇಲ್ಲ. ಅಡ್ಡಕ್ಕೊಂದು ಉರುಳೆ. ಹಿಂದೆ, ಕೂದಲೆಳೆಯಷ್ಟು ಸಣ್ಣ ಸ್ಕ್ರೂ ಗೆರೆಯ ಸರಳು... ಗ್ರಾಮಫೋನಿಗಿಂತ ಹಳೇದು. ಫೋನೋಗ್ರಾಫು!

ಜೊತೆಗೊಂದು ಬಿಸ್ಕತ್ ಡಬ್ಬಿ. ಒಳಗೆ ಮೇಣದ ಕೊಳವೆ. ಇವರು ಗೇಣಿಗಿದ್ದ ಕಾಲದಲ್ಲಿ, ದುಗ್ಗಕ್ಕನ ಅಮ್ಮನ ಸೋಬಾನೆ ಪದವನ್ನ ಒಡೆಯರು ಅದರಲ್ಲಿ ಹಿಡಿದಿದ್ರಂತೆ. ಮೆಷಿನ್ ಕೆಟ್ಟ ಮೇಲೆ ಎರಡನ್ನೂ ಇವರಿಗೇ ದಾಟಿಸಿದ್ರು. ದುಗ್ಗಕ್ಕ ಆರು ತಿಂಗಳ ಕೂಸಿದ್ದಾಗ ಅಮ್ಮ ಹೋದ್ಲು.

"ಮುಖ ಅಂತೂ ನೆನಪಿಲ್ಲ. ದನಿಯಾದ್ರೂ ಕೇಳ್ಬೇಕು ಜಟ್ಟಪ್ಪ."

ದನಿ ತೆಗೆಯೋದೇ ಆ ತಲೆ. ಮೇಣದ ಗೆರೆ ಮುಟ್ಟೋ ಗುಂಡಗಿನ ತುಣುಕು. ದೀಪಾವಳಿಗೆ ಫೋಟೋ ತೆಗೀತೀನಿ ಅಂತ ಬಂದ ಹೇರಂಬ ಅದನ್ನೇ ಎಗರಿಸಿದ್ದ. ಮಿಕ್ಕಿದ್ದು ಗುಜರಿಗೆ ಬೀಳತ್ತೆ, ಆಗ ಅಗ್ಗಕ್ಕೆ ಎತ್ಕೋಬಹುದು ಅನ್ನೋ ಪ್ಲಾನು. ರಿಪೇರಿಗೆ ಬಂದಿದೆ ಅಂತ ಗೊತ್ತಾಗಿ ಓಡಿಬಂದಿದ್ದ.

ಸ್ಪ್ರಿಂಗು ಒರೆಸಿ, ಹೊಸ ಗ್ರೀಸು ಹಚ್ಚಿ, ಸುತ್ತಿ ಕೂರಿಸುವಷ್ಟರಲ್ಲಿ ಹತ್ತು ಗಂಟೆ. ಆಮೇಲೆ ಚೇಸ್! ನನ್ನ ಲಗೇಜ್ ಆಟೋದಲ್ಲಿ. ಗಂಟೆಗೆ ಮೂವತ್ತು ಕಿಲೋಮೀಟರ್!

"ಜೋರಾಗಿ ಬಿಡಾ! ಸೈಕಲ್ಲು ಓವರ್‌ಟೇಕ್ ಮಾಡ್ತು!"

"ಮೇಣ ಒಡೆಯತ್ತೆ. ಸುಮ್ನಿರಕ್ಕ."

ಹೊಸನಗರ ದಾಟುವಾಗ ಮೆಲ್ಲಗೆ ಅಂದ್ಲು: "ಪ್ರತಿ ಆಯುಧಪೂಜೆಗೂ ಆ ತಲೆ ಬಾಯಿಗೆ ಚೂರು ಬೆಲ್ಲ ತುಂಬ್ತಿದ್ವಿ. ಹಾಡೋದಲ್ವಾ, ಪಾಪ."

"ಅಯ್ಯೋ ದುಗ್ಗಕ್ಕ! ಅದು ದನಿ ಬರೋ ತೂತು! ಬಾಯೇ ಕಟ್ಟಿಬಿಟ್ರಲ್ಲ!"

ತೀರ್ಥಹಳ್ಳಿ. ಹೇರಂಬ ಅಂಗಡಿಯಲ್ಲಿದ್ದ, ಶರ್ಟು ಬದಲಾಯಿಸಿ. ದುಗ್ಗಕ್ಕ ಬಾಗಿಲಲ್ಲೇ ನಿಂತು "ಕಳ್ಳ! ಕಳ್ಳ!" ಅಂತ ಕೂಗಿದ್ಲು. ಅರ್ಧ ಪೇಟೆ ಸೇರ್ತು. ಹೇರಂಬ ಮೇಜಿನ ಮೇಲೆ ಹನ್ನೆರಡು ತಲೆ ಸಾಲಾಗಿಟ್ಟ. ಎಲ್ಲಾ ಪಾಲಿಶ್. ಎಲ್ಲಾ ಒಂದೇ ಥರ!

"ನಿಮ್ದು ಯಾವ್ದು ತೋರ್ಸಿ. ಒಂದೇ ಚಾನ್ಸು. ತಪ್ಪಿದ್ರೆ ಮೆಷಿನ್ ನಂದು."

ದುಗ್ಗಕ್ಕನ ಮುಖ ನೋಡ್ದೆ. "ಹೂಂ" ಅಂದ್ಲು.

ನಾನು ಬೆಂಚಿನ ಮೇಲೆ ಕೂತೆ.

"ಎಂತ ಕಾಯ್ತಿದೀಯಾ?" ಹೇರಂಬ ಕೇಳ್ದ.

"ಪೊಲೀಸ್ ಬರ್ಬೇಕು."

ಹೇರಂಬ ಬೆವರಿದ. ಐದು ನಿಮಿಷ... ಹತ್ತು... ಇಪ್ಪತ್ತು...

ಬಂದ್ರು! ಗೋಡೆಯ ಬಿರುಕಿಂದ, ಶಿಸ್ತಾಗಿ, ಲೈನಲ್ಲಿ. ಇರುವೆ! ಹತ್ತು ತಲೆ ಮೂಸಿ ಬಿಟ್ಟು, ಹನ್ನೊಂದನೇದರ ತೂತಿಗೆ ನುಗ್ಗಿದ್ವು.

"ಅರೆಸ್ಟ್ ಆಯ್ತು. ಕೊಡು."

ಜನ ಹೋ ಅಂದ್ರು. ಹೇರಂಬನ ಮೇಜಿನ ಮೇಲೇ ಕೆಲಸ ಮಾಡ್ದೆ. ಉಗುರುಬೆಚ್ಚಗಿನ ನೀರು, ಹತ್ತಿ, ದಬ್ಬಣ. ಒಳಗೆ ದನಿ ಹೊರಡಿಸೋ ಅಭ್ರಕದ ಬಿಲ್ಲೆ ಒಡೆದಿರಲಿಲ್ಲ... ಪುಣ್ಯ! ತಲೆ ಕೂರಿಸಿ, ಉರುಳೆಗೆ ಮೇಣದ ಕೊಳವೆ ಏರಿಸಿ, ಕೀ ಕೊಟ್ಟೆ.

ಕರ ಕರ ಕರ...

ಆಮೇಲೆ ಮೆಷಿನ್ ಒಳಗಿಂದ ಒಬ್ಬ ಹುಡುಗಿ. ಎರಡು ಸಾಲು ಹಾಡಿ ಕಿಸಕ್ಕನೆ ನಕ್ಕು, "ಸಾಕಾ ಒಡೇರೇ? ಎಮ್ಮೆ ಕರೀಬೇಕು" ಅಂದ್ಲು.

ದುಗ್ಗಕ್ಕನೂ ನಕ್ಕಳು. ಅದೇ ಕಿಸಕ್!

"ನಮ್ಮಮ್ಮ ನಂಗಿಂತ ಎಷ್ಟು ಸಣ್ಣೋಳು ಕಣಾ!"

ಸಂಜೆ ಬಸ್‌ಸ್ಟ್ಯಾಂಡು. ನನ್ನ ಆಟೋ ನಿಧಾನ ಅಂತ ದುಗ್ಗಕ್ಕ ಸರ್ಕಾರಿ ಬಸ್ಸು ಹತ್ತಿದ್ಲು; ಕಾಲಡಿ ಗೋಣಿಚೀಲ, ಮಡಿಲಲ್ಲಿ ಬಿಸ್ಕತ್ ಡಬ್ಬಿ.

"ಹೊಸನಗರ ಎರಡು ಕೊಡಪ್ಪಾ. ಇಬ್ರೂ ಹೆಂಗಸ್ರೇ, ಫ್ರೀ!"

"ಇನ್ನೊಬ್ರೆಲ್ಲಿ ಅಜ್ಜಿ?"

"ಮಡಿಲಲ್ಲಿ ಕಾಣಲ್ವಾ? ನಮ್ಮಮ್ಮ."

ಹಾಗೆ ಅವತ್ತಿನ ನಾಲ್ಕೂವರೆ ಬಸ್ಸಿಗೆ ತಾಯಿ ಮಗಳು ಹೊರಟ್ರು. ಕಂಡಕ್ಟರ್ ಇಬ್ಬರ ಆಧಾರ್ ಕಾರ್ಡೂ ಕೇಳ್ದ... ಒಂದೇ ಇತ್ತು!