ಐದು ನಿಮಿಷದ ಗಡುವು

"ಸ್ವಿಚ್ ಒತ್ತೋದು ಬಿಟ್ಟು ಇವರಿಗೆ ಬೇರೇನೂ ಬರಲ್ಲ!"

ನಕ್ಷೆ ತಯಾರಿಸುವ ನಮ್ಮ ಆಫೀಸಿನ ಹನ್ನೆರಡು ಜನರ ಮುಂದೆ ಅವನು ಹಾಗೆಂದದ್ದು ನನ್ನ ಬಗ್ಗೆ. ನಮ್ಮೆಲ್ಲರ ಕೆಲಸ ನಡೆಯುವ ಯುನಿಕ್ಸ್ ಮಷೀನು, ಅಂದರೆ ದೊಡ್ಡ ಕಂಪ್ಯೂಟರು, ಅವನ ಉಸ್ತುವಾರಿಯಲ್ಲಿತ್ತು. ಎಲ್ಲ ಅನುಮತಿಯೂ ಅವನ ಕೈಯಲ್ಲೇ ಇದ್ದುದರಿಂದ ಬೆನ್ನ ಹಿಂದೆ ಅವನಿಗೆ ಬೀಗದಕೈ ಎಂದೇ ಹೆಸರು. ಪ್ರತಿ ಶನಿವಾರ ಮಷೀನು ನಿಲ್ಲಿಸಲು ನಾನು ಅವನನ್ನೇ ಹುಡುಕಿಕೊಂಡು ಹೋಗಬೇಕಿತ್ತು. ಅಂದು ಕರೆಂಟು ಹೋಗಿ ಯುಪಿಎಸ್ ಕೂಗುತ್ತಿದ್ದಾಗ ಆಸಾಮಿ ಊಟಕ್ಕೆ ಹೋಗಿದ್ದ. ಕಮಾಂಡ್ ಕೊಟ್ಟರೆ 'ನಿಮಗೆ ಅನುಮತಿ ಇಲ್ಲ' ಎಂದಿತು. ಗತ್ಯಂತರವಿಲ್ಲದೆ ಸ್ವಿಚ್ ಒತ್ತಿದೆ. ಎಲ್ಲರ ಎರಡು ದಿನದ ನಕ್ಷೆಗಳು ಹಾಳಾದವು. ಊಟ ಮುಗಿಸಿ ಬಂದವನ ಬಾಯಲ್ಲಿ ಬಂದದ್ದು ಆ ಮಾತು.

ಇವನಿಗೆ ಏಳು ಕೆರೆ ನೀರು ಕುಡಿಸದೆ ಬಿಡೆನೆಂದು ಅಂದೇ ನಿರ್ಧರಿಸಿದೆ. ಹಾಳಾದವನ ಕಣ್ಣುಗಳು ಬೇರೆ ಚೆನ್ನಾಗಿದ್ದವು. ಸಿಟ್ಟಿಗೆ ಅದೂ ಸೇರಿತು.

ನಮ್ಮ ಮ್ಯಾನೇಜರ್ ಮೇಡಂ ಅವನಿಗೆ ಬೈದ ಮೇಲೆ ನನ್ನ ಮೇಜಿಗೇ ಬಂದ. "ಇನ್ಮೇಲೆ ಶಟ್‌ಡೌನ್ ಮಾಡೋಕೆ ನಿಮಗೂ ಪರ್ಮಿಷನ್ ಇದೆ."

"ಯಾವಾಗ ಬೇಕಾದ್ರೂ?"

"ಅಗತ್ಯ ಇದ್ದಾಗ." ತಲೆ ಎತ್ತಲಿಲ್ಲ, ಕಿವಿ ಕೆಂಪಾಗಿತ್ತು.

ಅಗತ್ಯ ಶುಕ್ರವಾರವೇ ಬಂತು. ಅವನ ಲೆಕ್ಕಾಚಾರವೊಂದು ಮಷೀನಿನಲ್ಲಿ ಮೂರು ದಿನದಿಂದ ಓಡುತ್ತಿತ್ತು. ನಡುವೆ ನಿಂತರೆ ಮತ್ತೆ ಮೊದಲಿಂದ. ಐದು ನಿಮಿಷದ ಗಡುವಿಟ್ಟು ಕಮಾಂಡ್ ಕೊಟ್ಟೆ. ಎಲ್ಲರ ಪರದೆಯ ಮೇಲೂ ನನ್ನ ಸಂದೇಶ ಮೂಡಿತು: 'ಕೆಲಸ ಸೇವ್ ಮಾಡಿಕೊಳ್ಳಿ. ಮಷೀನು ನಿಲ್ಲುತ್ತದೆ. ಬೀಗದಕೈ ಕ್ಷಮೆ ಕೇಳಿದರೆ ಯೋಚಿಸುತ್ತೇನೆ.'

ಓಡಿ ಬಂದ. "ಬೀಗದಕೈ ಅಂದ್ರೆ ನಾನಾ?"

"ಮನೇಲಿ ಕನ್ನಡಿ ಇಲ್ವಾ? ಬೇಕಿದ್ರೆ ಕ್ಯಾನ್ಸಲ್ ಮಾಡಿ, ನಿಮ್ಮ ಕೈಲೇ ಇದೆಯಲ್ಲ."

ಮಾಡಲಿಲ್ಲ. ಎಲ್ಲರ ಕಡೆ ತಿರುಗಿದ. "ಅವತ್ತು ತಪ್ಪು ನಂದು. ಪರ್ಮಿಷನ್ ಕೊಡಿ ಅಂತ ಇವರು ಮೂರು ಸಲ ಕೇಳಿದ್ರು. ನಾನೇ ಕೊಡಲಿಲ್ಲ. ಕ್ಷಮಿಸಿ."

"ಯಾಕೆ ಕೊಡಲಿಲ್ಲ?" ಎಂದೆ.

ಅವನ ದನಿ ಇಳಿಯಿತು. "ಕೊಟ್ರೆ ಶನಿವಾರ ನೀವು ನನ್ನ ಹುಡುಕ್ಕೊಂಡು ಬರೋದು ನಿಂತು ಹೋಗುತ್ತಲ್ಲ ಅಂತ."

ಕೇಳಿ ಒಳಗೊಳಗೇ ಹಿಗ್ಗಿದೆ. ಸಿಟ್ಟು ಮಾತ್ರ ಎರಡರಷ್ಟಾಯಿತು.

"ನಿಮ್ಮ ಆಸೆಗೆ ನಮ್ಮೆಲ್ಲರ ಎರಡು ದಿನದ ಕೆಲಸ ಬಲಿಯಾಯ್ತಾ?"

"ಹೂಂ."

ಕೈ ಕಟ್ಟಿ ಕುಳಿತೆ. ಅವನೂ ಪಕ್ಕದಲ್ಲೇ ನಿಂತ, ಕೀಬೋರ್ಡ್ ಮುಟ್ಟಲಿಲ್ಲ. ಗಡುವು ಮುಗಿದು ಮಷೀನಿನ ಸದ್ದು ನಿಂತಿತು. ಅವನ ಮೂರು ದಿನದ ಲೆಕ್ಕಾಚಾರ ಮಣ್ಣುಪಾಲು.

"ಈಗ ಸಮ ಆಯ್ತಾ?" ಎಂದ.

"ಆಯ್ತು."

"ಮತ್ತೆ ಮೂರು ದಿನ ಕಾಯಬೇಕು ನಾನು. ಈ ಶನಿವಾರ ಮಷೀನು ನಿಲ್ಲಿಸೋ ಹಾಗಿಲ್ಲ."

"ನಾನೂ ಜೊತೆಗೆ ಕೂರ್ತೀನಿ. ನಿಮ್ಮ ಹತ್ರ ಬರೋಕೆ ನಂಗೆ ನೆಪ ಬೇಕಾಗಿಲ್ಲ."

ಮತ್ತೆ ಚಾಲೂ ಮಾಡಲು ಅವನು ಮಷೀನಿನತ್ತ ಕೈ ಚಾಚಿದ. ತಡೆದೆ.

"ಇರಿ, ನಾನೇ ಒತ್ತುತ್ತೀನಿ. ಸ್ವಿಚ್ ಒತ್ತೋದು ನಂಗೆ ಬರುತ್ತಲ್ಲ."