ಗೋಡೆಯಾಚೆಯ ವೈಫೈ

"ಪಾಸ್‌ವರ್ಡ್ ಯಾಕೆ ಬದಲಾಯಿಸಿದ್ರಿ?"

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದ ರೋಜಾ ಸಿಡುಕಿದಳು.

ಪ್ರೇಮ್‌ಕುಮಾರ್ ತಬ್ಬಿಬ್ಬಾದ. ಎಷ್ಟೋ ವಾರಗಳ ಮೇಲೆ ಎದುರಿಗೆ ಬಂದಿದ್ದಾಳೆ... ಬಂದದ್ದು ಜಗಳಕ್ಕೆ!

ತಿ. ನರಸೀಪುರದ ಆ ಬೀದಿಯಲ್ಲಿ ಅವರೆರಡು ಮನೆಗೂ ಒಂದೇ ವೈಫೈ. ರೂಟರ್ ಪ್ರೇಮ್ ಮನೆಯದು. ಸಿಗ್ನಲ್ ಅವಳ ಹಿತ್ತಿಲ ಒಗೆಯುವ ಕಲ್ಲಿನವರೆಗೆ ಬಂದು ಸುಸ್ತಾಗಿ ಕೂತುಬಿಡುತ್ತಿತ್ತು. ಕಾಲೇಜಿನ ಪಾಠ ಸಿದ್ಧಪಡಿಸಲು ಅವಳೂ ಅಲ್ಲೇ ಕೂರುತ್ತಿದ್ದಳು. ಗೋಡೆಯಾಚೆಯಿಂದ ಅವನು ಬಸ್ ಸ್ಟ್ಯಾಂಡಿನ ಕಂಡಕ್ಟರುಗಳ ದನಿಯನ್ನೆಲ್ಲ ಅನುಕರಿಸಿ ಅವಳನ್ನು ನಗಿಸುತ್ತಿದ್ದ.

ಒಂದು ಸಂಜೆ ಮಾತ್ರ ಯಾರ ದನಿಯನ್ನೂ ಎರವಲು ಪಡೆಯದೆ ಕೇಳಿದ್ದ. "ನನ್ನನ್ನ ಮದುವೆ ಆಗ್ತೀರಾ?"

"ಅವ್ವನ ಹತ್ರ ಮಾತಾಡಿ ನಾಳೆ ಹೇಳ್ತೀನಿ."

ಮಾರನೆಯ ದಿನ ಅವಳು ಲ್ಯಾಪ್‌ಟಾಪ್ ತೆರೆದರೆ... ವೈಫೈ ಒಳಗೆ ಬಿಡಲೇ ಇಲ್ಲ!

ಪಾಸ್‌ವರ್ಡೇ ಬದಲಾಯಿಸಿಬಿಟ್ರಾ? ಒಂದು ದಿನ ಕಾಯೋಕೂ ಆಗ್ಲಿಲ್ವಾ? ಮನಸ್ಸು ಬದಲಾಯ್ತಾ?

ಅಂದಿನಿಂದ ಅವಳು ಹಿತ್ತಿಲಿಗೆ ಹೋಗಲಿಲ್ಲ. ಅವನ ಮುಖ ನೋಡಿಕೊಂಡು ಬದುಕುವುದಕ್ಕಿಂತ ದೂರವೇ ವಾಸಿ ಎಂದು ಬೀದರಿನ ಕಾಲೇಜೊಂದರ ಉಪನ್ಯಾಸಕಿ ಹುದ್ದೆಗೆ ಅರ್ಜಿ ಹಾಕಿದಳು. ಇನ್ನು ಸ್ವಲ್ಪ ಹೊತ್ತಿಗೆ ಅದರ ಆನ್‌ಲೈನ್ ಸಂದರ್ಶನ. ಮೊಬೈಲ್ ನೆಟ್ ಬೆಳಿಗ್ಗೆಯಿಂದ ಸತ್ತುಬಿದ್ದಿತ್ತು. ಇಲ್ಲದಿದ್ದರೆ ಈ ಹೊಸ್ತಿಲು ತುಳಿಯುತ್ತಿದ್ದಳೇ?

"ಬದಲಾಯಿಸಿಲ್ಲ ಕಣ್ರೀ!" ಎಂದ ಪ್ರೇಮ್. "ಅವತ್ತು ರಾತ್ರಿ ಸಿಡಿಲಿಗೆ ಹಳೇ ರೂಟರ್ ಸುಟ್ಟೋಯ್ತು. ಬೆಳಿಗ್ಗೇನೇ ಹೊಸದು ತಂದು, ಅದಕ್ಕೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟೆ. ನಿಮ್ಮದು ತಾನಾಗೇ ಕನೆಕ್ಟ್ ಆಗ್ಲಿ ಅಂತ."

"ಸುಳ್ಳು. ನೀವೇ ಹಾಕಿ ನೋಡಿ. ಬೀದರ್ ಕಾಲೇಜಿನ ಇಂಟರ್‌ವ್ಯೂ ಇನ್ನೇನು ಶುರುವಾಗುತ್ತೆ."

ಅವನು ಹಾಕಿದ. ಆಗಲಿಲ್ಲ. ಮತ್ತೆ ಹಾಕಿದ. ಇಲ್ಲ! ಫೋನಿನಲ್ಲಿ ರೂಟರಿನ ಸೆಟ್ಟಿಂಗ್ಸ್ ತೆರೆದವನ ಮುಖ ಸಪ್ಪಗಾಯಿತು.

"ಅಯ್ಯೋ... ಹೊಸ ನಮೂನೆ ಸೆಕ್ಯೂರಿಟಿ ಇದು. ನಿಮ್ಮ ಲ್ಯಾಪ್‌ಟಾಪ್ ಹಳೇದು. ಪಾಸ್‌ವರ್ಡ್ ಸರಿಯಿದ್ರೂ ಒಳಗೆ ಬಿಡಲ್ಲ. ನಂಗೆ ಹೊಳೀಲೇ ಇಲ್ವಲ್ಲ!"

ರೋಜಾ ಗೋಡೆಗೊರಗಿದಳು. "ಮತ್ತೆ... ನೀವ್ಯಾಕೆ ಬಂದು ಕೇಳ್ಲಿಲ್ಲ?"

"ನಾಳೆ ಅಂದೋರು ಬರ್ಲೇ ಇಲ್ಲ. ಬೇಡ ಅನ್ನೋದನ್ನ ಹಾಗೆ ಹೇಳಿದ್ರಿ ಅನ್ಕೊಂಡೆ. ಆಮೇಲೂ ಬಾಗಿಲು ತಟ್ಟೋದು ಸರೀನಾ?"

ಅಡುಗೆಮನೆಯಿಂದ ಅವನ ತಾಯಿ ಮುದ್ದಮ್ಮ ಕೂಗಿದರು. "ರೋಜವ್ವಾ, ಇವ್ನು ದಿನಾ ಇತ್ಲಲ್ಲಿ ಗ್ವಾಡೆ ನೋಡ್ಕಂಡು ನಿಂತಿರ್ತಾನೆ ಕಣವ್ವ. ಕೇಳುದ್ರೆ ಗಾಳಿ ಚೆನ್ನಾಗದೆ ಅಂತಾನೆ!"

ಯಾರೂ ನಗಲಿಲ್ಲ. ರೋಜಾಳ ಕಣ್ಣು ತುಂಬಿ ಬಂತು.

ಅವನು ರೂಟರಿನಲ್ಲಿ ಹಳೆಯ ನಮೂನೆಯ ಸೆಕ್ಯೂರಿಟಿಗೂ ಅನುಮತಿ ಕೊಟ್ಟು, ಲ್ಯಾಪ್‌ಟಾಪನ್ನು ಮತ್ತೆ ಜೋಡಿಸಿದ. ಆಯಿತು!

"ಇಲ್ಲೇ ಕೂತು ಇಂಟರ್‌ವ್ಯೂ ಕೊಡಿ. ಸಿಗ್ನಲ್ ಚೆನ್ನಾಗಿರುತ್ತೆ. ನಾನು ಆಚೆಗೆ ಹೋಗಿರ್ತೀನಿ." ತಲೆತಗ್ಗಿಸಿ ಹೊರಟ.

"ಪ್ರೇಮ್... ಅವ್ವ ಅವತ್ತೇ ಒಪ್ಪಿದ್ರು. ಅವ್ರನ್ನ ಕೇಳೋಕ್ ಮುಂಚೇನೇ ನಾನು ಒಪ್ಪಿದ್ದೆ."

ಅವನು ನಿಂತಲ್ಲೇ ನಿಂತ. ತಿರುಗಿ ಕೇಳಿದ. "ಬೀದರ್...?"

"ಕೆಲಸ ಸಿಕ್ಕಿದ್ರೆ ಬೇಡ ಅನ್ನಲ್ಲ. ಆದ್ರೆ ತುಂಬಾ ದೂರ..."

"ಒಬ್ಬರೇ ಹೋದ್ರೆ ತಾನೇ ದೂರ?"

ಪರದೆಯ ಮೇಲೆ ಸಂದರ್ಶಕರ ಕರೆ ಮಿನುಗತೊಡಗಿತು. ಅವಳು ಪಕ್ಕದ ಕುರ್ಚಿ ಎಳೆದಳು. ಅವನು ಕೂತು, ಕ್ಯಾಮೆರಾಗೆ ಕಾಣದ ಹಾಗೆ ಅವಳ ಕೈ ಹಿಡಿದ.

"ಇನ್ಮೇಲೆ ನನ್ನ ಕೇಳ್ದೆ ಏನೂ ಅನ್ಕೋಬೇಡಿ," ಪಿಸುಗುಟ್ಟಿದಳು.

"ನೀವೂ ಅಷ್ಟೇ. ಈಗ ಕರೆ ತಗೊಳ್ಳಿ... ನಾನಿಲ್ಲೇ ಇರ್ತೀನಿ."