ತಪ್ಪೊಪ್ಪಿಕೊಂಡ ಅಂಪೈರ್

"ಆ ಮನುಷ್ಯ ಈ ಮೈದಾನಕ್ಕೆ ಕಾಲಿಟ್ಟರೆ ನಾನು ಹೊರಗೆ," ಎಂದಳು ಕೋಚ್.

ಕ್ರೀಡಾ ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. "ಕಾಲಿಟ್ಟಾಯ್ತಮ್ಮ. ನಿನ್ನ ಹಿಂದೇನೇ ನಿಂತಿದಾರೆ."

ತಿರುಗಿ ನೋಡಿದಳು. ಕಾಲೇಜಿನ ಸಾಫ್ಟ್‌ಬಾಲ್ ತಂಡಕ್ಕೆ ಹೊಸದಾಗಿ ಬಂದ ಬ್ಯಾಟಿಂಗ್ ಕೋಚ್ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಆರಡಿ ಆಳು, ಕಿವಿ ಮಾತ್ರ ಕೆಂಪಗಾಗಿತ್ತು.

"ನಮಸ್ಕಾರ," ಎಂದ.

ಅವಳು ಮುಖ ತಿರುಗಿಸಿದಳು.

ಏಳು ವರ್ಷದ ಹಿಂದೆ, ಲೀಗಿನ ಫೈನಲ್‌ನ ಕೊನೆಯ ಕ್ಷಣದಲ್ಲಿ ಅವಳು ಪ್ರಾಣ ಒತ್ತೆಯಿಟ್ಟು, ಮುಟ್ಟಿದರೆ ರನ್ ಸಿಗುವ ಹೋಮ್ ಪ್ಲೇಟಿಗೆ ಜಾರಿ ಬಂದಿದ್ದಳು. ಅವಳನ್ನು ಔಟ್ ಮಾಡಬೇಕಿದ್ದ ಕ್ಯಾಚರ್ ಕೈಯಿಂದ ಚೆಂಡು ಜಾರಿದ್ದನ್ನು ಮೈದಾನವೆಲ್ಲ ನೋಡಿತ್ತು, ಅಂಪೈರ್ ಒಬ್ಬ ನೋಡಿರಲಿಲ್ಲ. "ಔಟ್!" ಎಂದ. ಟ್ರೋಫಿ ಹೋಯಿತು. ಆ ಜಾರುವಿಕೆಯಲ್ಲಿ ಮಂಡಿ ಮುರಿದು ಅವಳ ಆಟವೂ ಹೋಯಿತು. ಆ ಅಂಪೈರ್ ಇವನೇ.

ಆದರೂ ಅವಳು ಬಿಟ್ಟು ಹೋಗಲಿಲ್ಲ. ಹದಿನಾರು ಹುಡುಗಿಯರನ್ನು ನಡುನೀರಿನಲ್ಲಿ ಬಿಡಲು ಮನಸ್ಸಾಗಲಿಲ್ಲ.

ಅವನು ಕೆಲಸ ಬಲ್ಲವನು ಎಂಬುದೇ ಅವಳಿಗೆ ದೊಡ್ಡ ಕಿರಿಕಿರಿಯಾಯಿತು. ಹುಡುಗಿಯರ ಮೇಲೆ ಎಂದೂ ದನಿಯೇರಿಸುತ್ತಿರಲಿಲ್ಲ. ಯಾರಾದರೂ ಚೆಂಡು ತಪ್ಪಿಸಿದರೆ, "ಪರವಾಗಿಲ್ಲ, ಎಲ್ಲಿ ತಪ್ಪಿತು ಅಂತ ನೀನೇ ಹೇಳು," ಎನ್ನುತ್ತಿದ್ದ. ಅವಳು ದುರುಗುಟ್ಟಿ ನೋಡಿದರೆ ನೆಲ ನೋಡುತ್ತಿದ್ದ. ಅವಳು ಬೇರೆ ಕಡೆ ತಿರುಗಿದ ಕೂಡಲೇ ಅವಳನ್ನೇ ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಅವನು ನೋಡಲಿ ಎಂದೇ ಅವಳು ಆಗಾಗ ತಿರುಗುತ್ತಿದ್ದಳು ಎಂಬುದನ್ನು ಮಾತ್ರ ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ಒಂದು ದಿನ ಅವಳ ಮುಂಗೈ ಮೇಲಿನ ಸುಟ್ಟ ಕಲೆ ನೋಡಿ ಕೇಳಿದ. "ಆ ಕಲೆ ಆಟದಲ್ಲಿ ಆಗಿದ್ದಲ್ಲ, ಅಲ್ವಾ?"

"ಇಸ್ತ್ರಿಪೆಟ್ಟಿಗೆ. ಆಟ ಹೋದ್ಮೇಲೆ ಹೋಟೆಲ್ ಲಾಂಡ್ರಿಯಲ್ಲಿ ಐದು ವರ್ಷ ಬೆಡ್‌ಶೀಟ್ ಉಜ್ಜಿದೀನಿ. ನಿಮ್ಮ ದಯೆ."

ಅವನು ಬಗ್ಗಿ ಚೆಂಡುಗಳನ್ನು ಬುಟ್ಟಿಗೆ ತುಂಬತೊಡಗಿದ.

ಸೀಸನ್ ಶುರುವಾಗಲು ಹತ್ತು ದಿನವಿತ್ತು. ಕಾಲೇಜಿನ ವೆಬ್‌ಸೈಟಿಗೆ ಇಬ್ಬರು ಕೋಚ್‌ಗಳ ಹಿನ್ನೆಲೆ ಬೇಕೆಂದರು ನಿರ್ದೇಶಕರು. ಅವನು ನಾಲ್ಕು ಸಾಲು ಬರೆದುಕೊಟ್ಟ. ಅದರಲ್ಲಿ ಎರಡನೆಯದನ್ನು ಅವಳು ಮೂರು ಸಲ ಓದಿದಳು: 'ಫೈನಲ್‌ನಲ್ಲಿ ತಪ್ಪು ತೀರ್ಪು ಕೊಟ್ಟೆನೆಂದು ಬರೆದ ಪತ್ರವನ್ನು ಹಿಂದಕ್ಕೆ ಪಡೆಯದ ಕಾರಣ ಅಂಪೈರ್ ಕೆಲಸದಿಂದ ವಜಾ.'

ಅವನು ಸಾಮಾನು ಕೋಣೆಯಲ್ಲಿ ಹೆಲ್ಮೆಟ್ ಒರೆಸುತ್ತಿದ್ದ. ಅವಳು ಬಿರುಗಾಳಿಯಂತೆ ನುಗ್ಗಿದಳು.

"ಇದು ನಿಜವಾ?"

"ಹ್ಞೂಂ. ಮಾರನೇ ದಿನವೇ ವಿಡಿಯೊ ನೋಡ್ದೆ, ಲೀಗಿನವರಿಗೆ ಪತ್ರ ಬರೆದೆ. ಬಾಯಿ ಮುಚ್ಕೊಂಡಿರು ಅಂದ್ರು, ಆಗಲಿಲ್ಲ. ಆಮೇಲೆ ಡ್ರೈವಿಂಗ್ ಸ್ಕೂಲಲ್ಲಿ ಕ್ಲಚ್, ಬ್ರೇಕ್ ಹೇಳ್ಕೊಟ್ಟುಕೊಂಡಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ? ಇಷ್ಟು ತಿಂಗಳು ನನ್ನ ಕೈಲಿ ಬೈಸ್ಕೊಂಡ್ರಲ್ಲ!"

"ಹೇಳಿದ್ರೆ ನೀವು ಕ್ಷಮಿಸ್ಬೇಕಾಗ್ತಿತ್ತು. ಕಳ್ಕೊಂಡವರು ನೀವು, ಕ್ಷಮಿಸೋ ಭಾರನೂ ನಿಮಗೇ ಯಾಕೆ?" ಅವನು ನಸುನಕ್ಕ. "ಮತ್ತೆ, ಬೈಯುವಾಗ ನೀವು ನನ್ನನ್ನ ನೇರವಾಗಿ ನೋಡ್ತೀರಿ."

ಅವಳು ಬೈಯಲು ಬಾಯಿ ತೆರೆದಳು. ಕಣ್ಣು ತುಂಬಿ ಬಂತು. ಅವನ ಕೈಯಲ್ಲಿದ್ದ ಹೆಲ್ಮೆಟ್ ಕಿತ್ತುಕೊಂಡು ತಾನೇ ಒರೆಸತೊಡಗಿದಳು.

ಮರುದಿನ ಇಬ್ಬರನ್ನೂ ಕರೆಸಿ ನಿರ್ದೇಶಕರು ತಿದ್ದಿದ ಪುಟ ತೋರಿಸಿದರು. ಅವನ ವಜಾ 'ಸ್ವಯಂ ನಿವೃತ್ತಿ' ಆಗಿತ್ತು. ಅವಳ ಲಾಂಡ್ರಿ 'ಆತಿಥ್ಯ ಕ್ಷೇತ್ರದ ಅನುಭವ' ಆಗಿತ್ತು.

"ಬೇಡ ಸರ್," ಎಂದಳು. "ನಾನು ಬೆಡ್‌ಶೀಟ್ ಉಜ್ಜಿದ್ದು ಬೆಡ್‌ಶೀಟ್ ಅಂತಲೇ ಇರಲಿ. ಅವರು ವಜಾ ಆಗಿದ್ದು ನಿಜ ಹೇಳಿದ್ದಕ್ಕೆ. ಹುಡುಗಿಯರಿಗೆ ನಾವು ಕಲಿಸಬೇಕಾಗಿರೋದೇ ಅದು. ಒಂದಕ್ಷರ ತೆಗೆದ್ರೂ ನಮ್ಮಿಬ್ಬರ ಹೆಸರೂ ತೆಗೀರಿ."

"ಹತ್ತು ದಿನದೊಳಗೆ ಇನ್ನಿಬ್ಬರು ಕೋಚ್‌ಗಳನ್ನ ಎಲ್ಲಿಂದ ತರಲಿ?" ನಿರ್ದೇಶಕರು ತಲೆ ಚಚ್ಚಿಕೊಂಡರು. "ಈಗಾಗ್ಲೇ ನಿಮ್ಮಿಬ್ಬರ ಬಗ್ಗೆ ಜನ ಆಡ್ಕೊಳ್ತಿದಾರೆ. ನೀನು ಹೀಗೆ ಅವರ ಪರ ನಿಂತ್ರೆ ಏನಂದ್ಕೋತಾರೆ?"

ಅವಳು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಅವನ ಮೂಲ ಸಾಲುಗಳನ್ನು ಪುಟದಲ್ಲಿ ಮತ್ತೆ ಬರೆದಳು, ತನ್ನದನ್ನೂ ಬರೆದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಇವರಿಬ್ಬರೂ ಮದುವೆಯಾಗಲಿದ್ದಾರೆ.'

"ಅಂದ್ಕೊಳ್ಳೋರಿಗೆ ಸುಮ್ನೆ ಯಾಕೆ ಕಷ್ಟ," ಎಂದಳು.

ಅವನು ಬಗ್ಗಿ ಆ ಸಾಲನ್ನು ಓದಿದ. ಕಿವಿಯಷ್ಟೇ ಅಲ್ಲ, ಕತ್ತಿನವರೆಗೂ ಕೆಂಪೇರಿತು.

"ಯಾವಾಗ?" ಎಂದ ಮೆಲ್ಲಗೆ.

"ನೀವಿನ್ನೂ ಕೇಳೇ ಇಲ್ಲ."

ನಿರ್ದೇಶಕರು ಕೂತಿದ್ದಾರೆಂಬುದನ್ನೂ ಮರೆತು ಅವನು ಕೇಳಿದ.